ಗೂನುಬೆನ್ನಿನ ಮಹಶೀರ್

ಗೂನುಬೆನ್ನಿನ ಮಹಶೀರ್ (ವೈಜ್ಞಾನಿಕ ಹೆಸರು: ಟಾರ್ ರೆಮಾದೇವಿ) ಕಾವೇರಿ ನದಿ ಜಲಾನಯನ ಪ್ರದೇಶಕ್ಕೆ ಮಾತ್ರ ಸೀಮಿತವಾಗಿರುವ ಸಿಹಿನೀರಿನ ಮೀನು. ಇದು ಗೆಂಡೆ ಮೀನುಗಳನ್ನು ಒಳಗೊಂಡ ಸಿಪ್ರಿನಿಡೇ ಕುಟುಂಬಕ್ಕೆ ಸೇರಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು (ಐಯುಸಿಎನ್) 2018ರಲ್ಲಿ ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಕೆಂಪು ಪಟ್ಟಿಯಲ್ಲಿ ಸೇರಿಸಿತು.

ಲಕ್ಷಣಗಳು

ತಲೆಯ ಹಿಂಭಾಗದಿಂದ ಬೆನ್ನಿನ ಈಜುರೆಕ್ಕೆಯವರೆಗೆ ಉಬ್ಬಿರುವ ಗೂನು ಈ ಮೀನಿನ ಮುಖ್ಯ ಗುರುತು. ದೊಡ್ಡ ಹುರುಪೆಗಳು, ದಪ್ಪ ತುಟಿಗಳು, ಎರಡು ಜೊತೆ ಮೀಸೆಗಳು ಹಾಗೂ ಕಿತ್ತಳೆ ಬಣ್ಣದ ಈಜುರೆಕ್ಕೆಗಳು ಇದಕ್ಕಿವೆ. ಇದು 50 ಕಿಲೋಗ್ರಾಂಗೂ ಹೆಚ್ಚು ತೂಗಬಲ್ಲದು. 1946ರಲ್ಲಿ ಕಬಿನಿ ನದಿಯಲ್ಲಿ ವ್ಯಾನ್ ಇಂಗೆನ್ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ (ಸುಮಾರು 54 ಕಿಲೋಗ್ರಾಂ) ತೂಗಿತ್ತು.

ಹೆಸರು ಮತ್ತು ವರ್ಗೀಕರಣ

ಗಾಳಗಾರರಿಗೆ ಹತ್ತೊಂಬತ್ತನೆಯ ಶತಮಾನದಿಂದಲೂ ಪರಿಚಿತವಾಗಿದ್ದರೂ ಈ ಮೀನಿಗೆ ಬಹುಕಾಲ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. ಕೇರಳದ ಪಾಂಬಾರ್ ನದಿಯಲ್ಲಿ ದೊರೆತ ಮಾದರಿಗಳ ಆಧಾರದ ಮೇಲೆ ಕುರುಪ್ ಮತ್ತು ರಾಧಾಕೃಷ್ಣನ್ ಅವರು ಟಾರ್ ರೆಮಾದೇವಿ ಎಂಬ ಪ್ರಭೇದವನ್ನು ವಿವರಿಸಿದ್ದರು. ಮೀನು ತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಈ ಹೆಸರನ್ನು ಇಡಲಾಗಿದೆ. ಗೂನುಬೆನ್ನಿನ ಮಹಶೀರ್ ಇದೇ ಪ್ರಭೇದವೆಂಬುದು 2018ರಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟವಾಯಿತು. ಐಯುಸಿಎನ್ ಮೌಲ್ಯಮಾಪನಕ್ಕೆ ಮಾನ್ಯವಾದ ವೈಜ್ಞಾನಿಕ ಹೆಸರು ಅಗತ್ಯವಾದ್ದರಿಂದ, ಇದರ ಅಪಾಯದ ಸ್ಥಿತಿಯನ್ನು ಅಧಿಕೃತವಾಗಿ ಗುರುತಿಸಲು ಆ ಬಳಿಕವಷ್ಟೇ ಸಾಧ್ಯವಾಯಿತು.

ವ್ಯಾಪ್ತಿ

ಹಿಂದೆ ಕರ್ನಾಟಕ, ತಮಿಳುನಾಡು ಮತ್ತು ಕೇರಳದಲ್ಲಿ ಕಾವೇರಿ ಹಾಗೂ ಅದರ ಉಪನದಿಗಳಲ್ಲಿ ಇದು ಕಂಡುಬರುತ್ತಿತ್ತು. ಈಗ ಮೋಯಾರ್, ಪಾಂಬಾರ್ ಮೊದಲಾದ ಕೆಲವೇ ಕಡೆಗಳಲ್ಲಿ ಉಳಿದಿದೆ. ಉತ್ತರ ಕರ್ನಾಟಕದ ನದಿಗಳು ಇದರ ಸಹಜ ನೆಲೆಗಳಲ್ಲ. ಧಾರವಾಡದ ಬಳಿ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರದ ಕಡೆಗೆ ಸಾಗಿದರೆ, ಹುಬ್ಬಳ್ಳಿ ಭಾಗದ ಬೆಣ್ಣೆಹಳ್ಳ ಮಲಪ್ರಭೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣಾ ಜಲಾನಯನದ ಮಹಶೀರ್ ಬೇರೊಂದು ಪ್ರಭೇದವಾದ ಟಾರ್ ಖುದ್ರೀ.

ಅಪಾಯಗಳು

ಅಣೆಕಟ್ಟುಗಳು, ಮರಳುಗಾರಿಕೆ, ಜಲಮಾಲಿನ್ಯ ಮತ್ತು ಸಿಡಿಮದ್ದು ಬಳಸಿ ನಡೆಸುವ ಅಕ್ರಮ ಮೀನುಗಾರಿಕೆ ಈ ಮೀನಿನ ನೆಲೆಯನ್ನು ಕುಗ್ಗಿಸಿವೆ. ಇವುಗಳೊಂದಿಗೆ, ಸಂರಕ್ಷಣೆಯ ಉದ್ದೇಶದಿಂದಲೇ ಕೈಗೊಂಡ ಕ್ರಮವೊಂದು ಕೂಡ ಪ್ರತಿಕೂಲವಾಗಿ ಪರಿಣಮಿಸಿತು. ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಟಾರ್ ಖುದ್ರೀ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಗಾಲಿಬೋರ್ ಗಾಳ ಶಿಬಿರದಲ್ಲಿ 1998ರಿಂದ 2012ರವರೆಗೆ ದಾಖಲಾದ ಮೀನುಗಳ ವಿವರಗಳು ಹೊರಗಿನಿಂದ ಬಂದ ಪ್ರಭೇದ ಹೆಚ್ಚುತ್ತಾ ಹೋದುದನ್ನೂ ಸ್ಥಳೀಯ ಪ್ರಭೇದ ಕ್ಷೀಣಿಸಿದುದನ್ನೂ ತೋರಿಸುತ್ತವೆ.

ಸಂರಕ್ಷಣೆ

ಹಿಡಿದ ಮೀನನ್ನು ಮತ್ತೆ ನದಿಗೆ ಬಿಡುವ ಪದ್ಧತಿಯನ್ನು ಭೀಮೇಶ್ವರಿ, ಗಾಲಿಬೋರ್ ಮುಂತಾದ ಶಿಬಿರಗಳು ಅನುಸರಿಸುತ್ತಿದ್ದವು. ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ ಕ್ರೀಡಾ ಗಾಳಗಾರಿಕೆಯು 2010ರ ದಶಕದ ಆರಂಭದಲ್ಲಿ ನಿಂತುಹೋಯಿತು. ಉಳಿದಿರುವ ನೆಲೆಗಳ ರಕ್ಷಣೆ ಮತ್ತು ಅನ್ಯ ಜಲಾನಯನದ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡದಿರುವುದು ಈ ಪ್ರಭೇದದ ಉಳಿವಿಗೆ ಅತ್ಯಗತ್ಯವಾಗಿದೆ.