ಅಪೀಲಿನ ದಾರಿ

ಬೆಳುವಾಯಿಯ ನಮ್ಮಜ್ಜಿ ಕೋರ್ಟಿನ ಬಗ್ಗೆ ಆಡುತ್ತಿದ್ದದ್ದು ಒಂದೇ ಮಾತು: 'ಗೆದ್ದವ ಸೋತ, ಸೋತವ ಸತ್ತ.' ಆಕೆ ಕೋರ್ಟಿನ ಮೆಟ್ಟಿಲು ಕಂಡವಳೇ ಅಲ್ಲ. ಮನೆಯಲ್ಲಿ ಮೊದಲು ಡಿಗ್ರಿ ಓದಿದ ನಾನು ಇತಿಹಾಸದ ಪುಸ್ತಕ ತೆರೆದರೆ ಅಲ್ಲಿ ಅರಸರಿದ್ದಾರೆ, ಜಡ್ಜಿಗಳಿದ್ದಾರೆ, ಅಜ್ಜಿಯಂಥವರಿಲ್ಲ. ಯಾಕಿಲ್ಲ?

ಮೈಸೂರಿನ ಕತೆ ನೋಡಿ. 1831ರಲ್ಲಿ ಮುಮ್ಮಡಿ ಕೃಷ್ಣರಾಜರ ಕೈಯಿಂದ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1834ರಲ್ಲಿ ಹುಜೂರ್ ಅದಾಲತ್ ಬಂತು. 1856ರಲ್ಲಿ ಅದರ ಜಾಗಕ್ಕೆ ಜುಡಿಷಿಯಲ್ ಕಮಿಷನರ್ ಬಂದ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಆಯಿತು. 1930ರಲ್ಲಿ ಅದೇ ಮೈಸೂರು ಹೈಕೋರ್ಟ್. ನೂರು ವರ್ಷದಲ್ಲಿ ಹೆಸರು ಮೂರು ಸಲ ಬದಲಾಯಿತು. ಆದರೆ ಅಪೀಲಿಗೆ ಮೊದಲು ದಾವೆ ಬೇಕು, ದಾವೆಗೆ ಕಾಗದ ಬೇಕು, ಕಾಗದಕ್ಕೆ ಅಕ್ಷರ ಬೇಕು. ಇದು ಮಾತ್ರ ಬದಲಾಗಲಿಲ್ಲ.

ನಮ್ಮ ತುಳುನಾಡಿನ ದಾರಿ ಬೇರೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಾವು ಕಂಪನಿಯ ಪಾಲು. ಅಪೀಲು ಮದ್ರಾಸಿಗೆ, ಅಲ್ಲಿಂದ ಕಡಲು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ. ಯಾರು ಹೋಗುತ್ತಾರೆ ಮಾರಾಯ್ರೆ ಅಷ್ಟು ದೂರ? ಆಸ್ತಿ ಇದ್ದವರು. ನಮ್ಮ ಹಿರಿಯರೋ, ತಾವೇ ಆಸ್ತಿಯಾಗಿದ್ದರು! ಮೂಲದಾಳುಗಳನ್ನು ಗದ್ದೆಯ ಜೊತೆ ಮಾರುತ್ತಿದ್ದರು, ಅಡವಿಡುತ್ತಿದ್ದರು. 1843ರ ಐದನೇ ಆಕ್ಟ್, ಆಳು ನನ್ನ ಸೊತ್ತು ಎಂಬ ದಾವೆಯನ್ನು ಕೋರ್ಟು ಎತ್ತಿಹಿಡಿಯಬಾರದು ಎಂದಿತು. ಧಣಿಗೆ ಒಂದು ಬಾಗಿಲು ಮುಚ್ಚಿತು, ನಿಜ. ಆಳಿಗೆ ಬಾಗಿಲು ತೆರೆಯಿತೇ? ಗದ್ದೆ ಧಣಿಯದೇ, ಗುಡಿಸಲಿನ ನೆಲವೂ ಧಣಿಯದೇ. ಆಕ್ಟ್ ಕಾಗದದಲ್ಲಿತ್ತು, ಹಸಿವು ಹೊಟ್ಟೆಯಲ್ಲಿತ್ತು.

1956ರ ನವೆಂಬರ್ 1ರಂದು ಎರಡೂ ದಾರಿ ಕೂಡಿದವು. ಮೈಸೂರು ಅರಸರ ಕೋರ್ಟಿನ ವಾರಸು ನಮಗೂ ಹೈಕೋರ್ಟಾಯಿತು. 1974ರ ಭೂಸುಧಾರಣೆಯಲ್ಲಿ ಭೂನ್ಯಾಯ ಮಂಡಳಿಗಳು ಬಂದವು. ಒಕ್ಕಲುಗಳು ಡಿಕ್ಲರೇಶನ್ ಹಾಕಿದರು, ಎಷ್ಟೋ ಜನ ಗೆದ್ದರು. ಮಂಡಳಿಯ ತೀರ್ಪಿನ ಮೇಲೆ ಆಗ ಅಪೀಲು ಇರಲಿಲ್ಲ. ಧಣಿಗಳು ರಿಟ್ ಹಾಕಿ ಘಟ್ಟ ಹತ್ತಿದರು. ಗೇಣಿ ಕೊಟ್ಟವನಿಗೆ ಭೂಮಿ, ಸರಿ. ಗೇಣಿಗೂ ಯೋಗ್ಯನಲ್ಲ ಎನಿಸಿಕೊಂಡು ಬರೇ ದುಡಿದವನಿಗೆ? ಅವನು ಯಾವ ಫಾರಂ ತುಂಬಬೇಕಿತ್ತು?

ಗೆಳೆಯರೇ, ಮೇಷ್ಟ್ರುಗಳೇ, ತೀರ್ಪುಗಳ ಇತಿಹಾಸ ಬರೆಯುವವರು ಬೇಕಾದಷ್ಟಿದ್ದಾರೆ. ದಾಖಲಾಗದೇ ಹೋದ ದಾವೆಗಳ ಇತಿಹಾಸ ನಾವು ಬರೆಯಬೇಕು. ನಿಮ್ಮೂರಿನ ಮುದುಕಿಯರನ್ನು ಕೂರಿಸಿ ಕೇಳಿ, ಬರೆದಿಡಿ. ನಮ್ಮಜ್ಜಿಯನ್ನು ನಾನು ಕೇಳುವಷ್ಟರಲ್ಲಿ ತಡವಾಗಿತ್ತು.