ಊರು ಬಿಟ್ಟ ಪುಸ್ತಕಗಳು

ಕೋಲ್ಕತ್ತದ ಪೂರ್ವಕ್ಕಿರುವ ನ್ಯೂ ಟೌನಿನಲ್ಲಿ ಹಳೆಯದು ಅನ್ನುವಂಥದ್ದು ಹೆಚ್ಚೇನೂ ಕಾಣಿಸುವುದಿಲ್ಲ. ರಾಜಾರ್‌ಹಾಟ್ ಸುತ್ತಿನ ಗದ್ದೆ, ಮೀನಿನ ಹೊಂಡಗಳಿದ್ದ ನೆಲದ ಮೇಲೆ ಎದ್ದ ಊರು ಅದು. ಕಟ್ಟಿಸುವ ಹೊಣೆ ಹೊತ್ತ ಹಿಡ್ಕೊ ಎಂಬ ಸರ್ಕಾರಿ ನಿಗಮ ಹುಟ್ಟಿದ್ದೇ 1999ರಲ್ಲಿ. ಬಡಾವಣೆಗಳಿಗೆ ಊರದೇವತೆಯ ಹೆಸರಿಲ್ಲ, ಕೆರೆಯ ಹೆಸರಿಲ್ಲ. ‘ಆ್ಯಕ್ಷನ್ ಏರಿಯಾ’ ಒಂದು, ಎರಡು, ಮೂರು ಎಂದು ಎಣಿಸಿಬಿಟ್ಟಿದ್ದಾರೆ. ಅಗಲವಾದ ರಸ್ತೆ, ಐಟಿ ಕಂಪನಿಗಳು, ಅವುಗಳ ನಡುವೆ ಒಂದರ ಹಿಂದೊಂದು ಬಂದ ವಿಶ್ವವಿದ್ಯಾಲಯಗಳು.

ಅವುಗಳಲ್ಲೊಂದು ಆಲಿಯಾ ವಿಶ್ವವಿದ್ಯಾಲಯ. ಅದರ ಕಾಯ್ದೆ ಬಂದದ್ದು 2007ರಲ್ಲಿ, ಕೆಲಸ ಶುರುವಾದದ್ದು 2008ರಲ್ಲಿ, ನ್ಯೂ ಟೌನಿನ ಕ್ಯಾಂಪಸ್ ಉದ್ಘಾಟನೆಯಾದದ್ದು 2014ರಲ್ಲಿ. ಲೆಕ್ಕಕ್ಕೆ ಹದಿಹರೆಯದ ಸಂಸ್ಥೆ. ಆದರೆ ಅದು ತನ್ನ ಮೂಲವನ್ನು ಗುರುತಿಸಿಕೊಳ್ಳುವುದು 1780ರಲ್ಲಿ, ವಾರನ್ ಹೇಸ್ಟಿಂಗ್ಸ್ ತೆರೆದ ಕಲ್ಕತ್ತಾ ಮದರಸಾದಲ್ಲಿ. ಹಾಗಾದರೆ ಇನ್ನೂರ ನಲವತ್ತು ವರ್ಷ ದಾಟಿದ ಈ ಮನೆತನದ ಪುಸ್ತಕಗಳೆಲ್ಲಿ ಎಂದು ಯಾರಾದರೂ ಕೇಳಬಹುದು. ಅವು ನ್ಯೂ ಟೌನಿಗೆ ಬರಲಿಲ್ಲ. 1947ರಲ್ಲೇ ಊರು ಬಿಟ್ಟು ಢಾಕಾಕ್ಕೆ ಹೋದವು.

ಮದರಸಾ ಹುಟ್ಟಿದ ಹಿನ್ನೆಲೆಯಲ್ಲಿ ಧರ್ಮಕ್ಕಿಂತ ಕಚೇರಿಯ ಅಗತ್ಯ ಹೆಚ್ಚಿತ್ತು. ಕಂಪನಿಯ ನ್ಯಾಯಾಲಯಗಳು ನಡೆಯುತ್ತಿದ್ದುದು ಪರ್ಶಿಯನ್ನಿನಲ್ಲಿ, ಕ್ರಿಮಿನಲ್ ತೀರ್ಪುಗಳಿಗೆ ಆಧಾರ ಇಸ್ಲಾಮೀ ಕಾನೂನು. ಎರಡನ್ನೂ ಬಲ್ಲವರು ಬೇಕಿತ್ತು. ನಗರದ ಕೆಲವು ಮುಸ್ಲಿಂ ಗಣ್ಯರು ಹೇಸ್ಟಿಂಗ್ಸ್‌ನ ಬಳಿ ಬಂದು, ಊರಿಗೆ ಬಂದಿರುವ ಮಜ್ದುದ್ದೀನ್ ಎಂಬ ವಿದ್ವಾಂಸನನ್ನು ಇಲ್ಲೇ ಉಳಿಸಿಕೊಳ್ಳಿ ಎಂದು ಕೇಳಿಕೊಂಡರು. ಹೇಸ್ಟಿಂಗ್ಸ್ ಮೊದಮೊದಲು ತನ್ನ ಕೈಯಿಂದಲೇ ಹಣ ಹಾಕಿ ಪಾಠಶಾಲೆ ಶುರುಮಾಡಿದ. ಸಿಯಾಲ್ದಾ ಬಳಿಯ ಬಾಡಿಗೆ ಮನೆಯಿಂದ ಹೊರಟ ಸಂಸ್ಥೆ 1827ರಲ್ಲಿ ವೆಲ್ಲೆಸ್ಲಿ ಚೌಕದ ದೊಡ್ಡ ಕಟ್ಟಡಕ್ಕೆ ಬಂದಿತು. ‘ಆಲಿಯಾ’ ಎಂದರೆ ಅರಬ್ಬಿಯಲ್ಲಿ ಉನ್ನತವಾದದ್ದು, ಮೇಲಿನದು ಎಂದರ್ಥ. ನಮ್ಮ ‘ಪ್ರೌಢ’ ಶಾಲೆಯ ಪ್ರೌಢದ ಹಾಗೆ.

ಆ ಕಾಲದ ಕಲ್ಕತ್ತಕ್ಕೆ ಪುಸ್ತಕಗಳು ಬರುತ್ತಿದ್ದ ದಾರಿಗಳಲ್ಲಿ ಒಂದು ಶ್ರೀರಂಗಪಟ್ಟಣದಿಂದ ಹೊರಟದ್ದು. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಗ್ರಂಥಗಳು ಸುಮಾರು ಎರಡು ಸಾವಿರ. ವೆಲ್ಲೆಸ್ಲಿ ಮರುವರ್ಷ ಕಲ್ಕತ್ತದಲ್ಲಿ ಫೋರ್ಟ್ ವಿಲಿಯಂ ಕಾಲೇಜು ಸ್ಥಾಪಿಸಿದ. ನಿಯಮಾವಳಿ ಸಿದ್ಧವಾದದ್ದು ಜುಲೈ ತಿಂಗಳಲ್ಲಾದರೂ, ಸ್ಥಾಪನೆಯ ದಿನವನ್ನು ಬೇಕೆಂದೇ ಹಿಂದಕ್ಕೆ ತಳ್ಳಿ 1800ರ ಮೇ 4 ಎಂದು ಬರೆಸಿದ. ಅದು ಶ್ರೀರಂಗಪಟ್ಟಣದ ವಿಜಯದ ಮೊದಲ ವಾರ್ಷಿಕ. ಟಿಪ್ಪುವಿನ ಪುಸ್ತಕಗಳಲ್ಲಿ ಒಂದು ಪಾಲು ಈ ಕಾಲೇಜಿಗೆ ಸೇರಿತು, ಇನ್ನೊಂದು ಪಾಲು ಲಂಡನ್ನಿಗೆ. ಕಾಲೇಜಿನಲ್ಲಿ ಪರ್ಶಿಯನ್ ಕಲಿಸುತ್ತಿದ್ದ ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅವುಗಳ ವಿವರಣಾತ್ಮಕ ಸೂಚಿಯನ್ನು ಅಚ್ಚು ಹಾಕಿಸಿದ. ಇವುಗಳಲ್ಲಿ ಟಿಪ್ಪುವಿನ ಮನೆತನ ಕೊಂಡು ತಂದವು ಕಡಿಮೆ, ಸವಣೂರು, ಕಡಪ ಮತ್ತು ಕರ್ನಾಟಿಕ್ ಪ್ರಾಂತ್ಯದ ದಂಡಯಾತ್ರೆಗಳಲ್ಲಿ ಕೈಸೇರಿದವೇ ಹೆಚ್ಚು ಎಂಬುದು ಅವನ ಅಭಿಪ್ರಾಯ. ಕೆಲವಂತೂ ಬಿಜಾಪುರದ ಆದಿಲ್‌ಶಾಹಿಗಳ ಪುಸ್ತಕ ಭಂಡಾರದವು. ಹೀಗೆ ಬಿಜಾಪುರದಲ್ಲಿ ಬರೆದ ಹೊತ್ತಗೆಯೊಂದು ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಹೂಗ್ಲಿ ದಂಡೆಗೆ, ಕೊನೆಗೆ ಥೇಮ್ಸ್ ದಂಡೆಗೆ ಹೋಗಿರುವುದುಂಟು. ಮದರಸಾದ ಭಂಡಾರ ಇದರಿಂದ ಬೇರೆಯದೇ. ಆದರೆ ರಾಜ್ಯ ಕೈಬದಲಾದಾಗ ಪುಸ್ತಕವೂ ಗಾಡಿ ಹತ್ತುತ್ತದೆ ಎನ್ನುವ ಪಾಠ ಆ ನಗರಕ್ಕೆ ಮೊದಲಿನಿಂದ ಗೊತ್ತಿತ್ತು.

ಮದರಸಾ ಬಾಗಿಲು ಹಾಕುವ ಹಂತಕ್ಕೆ ಬಂದದ್ದು 1835ರಲ್ಲಿ. ಮೆಕಾಲೆಯ ಟಿಪ್ಪಣಿಯಲ್ಲಿ ನಮಗೆಲ್ಲ ನೆನಪಿರುವುದು ಯುರೋಪಿನ ಒಂದು ಕಪಾಟಿನ ಮಾತು. ಅದೇ ಟಿಪ್ಪಣಿಯಲ್ಲಿ ಇನ್ನೊಂದು ಪುಸ್ತಕದ ಲೆಕ್ಕವಿದೆ, ಅದನ್ನು ಯಾರೂ ಹೇಳುವುದಿಲ್ಲ. ಶಿಕ್ಷಣ ಸಮಿತಿ ಅಚ್ಚು ಹಾಕಿಸಿದ ಅರಬ್ಬಿ, ಸಂಸ್ಕೃತ ಪುಸ್ತಕಗಳ 23,000 ಪ್ರತಿಗಳು ಮಾರಾಟವಾಗದೆ ಕೊಳೆಯುತ್ತಿವೆ, ಅವು ತುಂಬಿರುವ ಜಾಗ ಗ್ರಂಥಾಲಯವಲ್ಲ, ಹಳೇ ಸಾಮಾನಿನ ಕೋಣೆ ಎಂಬುದು ಅವನ ದೂರು. ಇಂಗ್ಲಿಷ್ ಪುಸ್ತಕಗಳು ಸಾವಿರಗಟ್ಟಲೆ ಖರ್ಚಾಗುತ್ತಿವೆ, ಇವುಗಳನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ ಎಂದು ವಾದಿಸಿ, ಮದರಸಾವನ್ನೂ ಕಲ್ಕತ್ತದ ಸಂಸ್ಕೃತ ಕಾಲೇಜನ್ನೂ ಮುಚ್ಚಬೇಕೆಂದ. ಇಂದಿನ ಗ್ರಂಥಾಲಯಗಳ ‘ಬಳಕೆಯ ಅಂಕಿಅಂಶ’ಕ್ಕೆ ಇದೇ ಮುತ್ತಜ್ಜ ಇರಬೇಕು. ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮರು ಸಹಿ ಹಾಕಿದ ಮನವಿಯೊಂದು ಸರ್ಕಾರಕ್ಕೆ ಹೋಯಿತು. ಮದರಸಾ ಉಳಿಯಿತು. ಆದರೆ 1837ರಲ್ಲಿ ಪರ್ಶಿಯನ್ ಕಚೇರಿಗಳಿಂದ ಹೊರಬಿದ್ದು, ಅದು ಹುಟ್ಟಿದ ಕಾರಣವೇ ಸಡಿಲವಾಯಿತು.

ಆಮೇಲೆ ಸಂಸ್ಥೆಯ ತಲೆಯ ಮೇಲೆ ಕೂತವರು ಬಹುಕಾಲ ಯುರೋಪಿಯನ್ನರೇ. 1850ರಲ್ಲಿ ಬಂದ ಮೊದಲ ಪ್ರಿನ್ಸಿಪಾಲ್ ಅಲಾಯ್ಸ್ ಸ್ಪ್ರೆಂಗರ್, ಅವಧದ ನವಾಬರ ಗ್ರಂಥಭಂಡಾರಗಳನ್ನು ಪಟ್ಟಿ ಮಾಡಿದ ಮನುಷ್ಯ. 1901ರಿಂದ ಒಂದು ದಶಕ ಪ್ರಿನ್ಸಿಪಾಲ್ ಆಗಿದ್ದವರು ಡೆನಿಸನ್ ರಾಸ್. ಅವರ ಕಾಲದಲ್ಲೇ, 1905ರಲ್ಲಿ, ಮದರಸಾ ಗ್ರಂಥಾಲಯದ ಅರಬ್ಬಿ ಮತ್ತು ಪರ್ಶಿಯನ್ ಹಸ್ತಪ್ರತಿಗಳ ಸೂಚಿ ಪ್ರಕಟವಾಯಿತು. ತಯಾರಿಸಿದವರು ಕಮಾಲುದ್ದೀನ್ ಅಹ್ಮದ್ ಮತ್ತು ಅಬ್ದುಲ್ ಮುಕ್ತದಿರ್, ಮುನ್ನುಡಿ ರಾಸ್ ಅವರದ್ದು.

ಸೂಚಿ ಎಂದರೆ ಒಣ ಕೆಲಸ ಅನ್ನಿಸಬಹುದು. ಅದೇ 1905ರ ಸುಮಾರಿಗೆ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕದ್ದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟಿದ್ದ ಕಟ್ಟು ಅದು. ಇದು ಏನು ಎಂದು ಕೂತು ನೋಡುವವರೊಬ್ಬರು ಆ ಗ್ರಂಥಾಲಯದಲ್ಲಿದ್ದರು, ಹಾಗಾಗಿ 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ಬಂತು. ಕಟ್ಟಿನಲ್ಲಿ ಏನಿದೆ ಎಂದು ಬಿಚ್ಚಿ ನೋಡಿ, ಹೆಸರು ಬರೆದು, ನಂಬರು ಕೊಟ್ಟು, ಕೇಳಿದವರ ಮುಂದೆ ಇಡುವುದು: ಗ್ರಂಥಾಲಯದ ಸೇವೆ ಎಂದರೆ ಮೊದಲಿಗೆ ಇಷ್ಟೇ. ಮೈಸೂರಿನ ಕಟ್ಟುಗಳು ಮೈಸೂರಿನಲ್ಲೇ ಉಳಿದವು, 1916ರಲ್ಲಿ ಹೊಸ ವಿಶ್ವವಿದ್ಯಾಲಯದ ಕೈಗೆ ಬಂದವು. ಕಲ್ಕತ್ತದ ಮದರಸಾಕ್ಕೆ ಆ ಅದೃಷ್ಟವಿರಲಿಲ್ಲ.

ದೇಶ ವಿಭಜನೆಯಾದಾಗ ಭಾಗವಾದದ್ದು ಭೂಮಿ ಮಾತ್ರವಲ್ಲ. ಕುರ್ಚಿ, ಮೇಜು, ರೈಲು ಡಬ್ಬಿಗಳನ್ನೂ ಎಣಿಸಿ ಹಂಚಿದರು. ಮೊಹೆಂಜೊದಾರೊದ ಒಂದು ಹಾರವನ್ನು ಬಿಚ್ಚಿ ಮಣಿಗಳನ್ನು ಎರಡು ದೇಶಗಳಿಗೆ ಕೊಟ್ಟರು. ಬಂಗಾಳದ ಸರ್ಕಾರಿ ನೌಕರರಿಗೆ ಯಾವ ಕಡೆ ಇರುತ್ತೀರಿ ಎಂದು ಆಯ್ಕೆ ಕೊಟ್ಟಾಗ, ಮದರಸಾದ ಅರಬ್ಬಿ ವಿಭಾಗ ಢಾಕಾಕ್ಕೆ ಹೊರಟಿತು. ಅದರ ಜೊತೆಗೆ ಗ್ರಂಥಾಲಯವೂ ಹೊರಟಿತು. ಢಾಕಾದಲ್ಲಿ ಮೊದಲು ಬೇರೊಂದು ಕಾಲೇಜಿನ ಆಶ್ರಯ, ಮುಂದೆ ಬಕ್ಷಿಬಜಾರಿನಲ್ಲಿ ಸ್ವಂತ ಕಟ್ಟಡ. ಅದು ಇಂದಿಗೂ ಸರ್ಕಾರಿ ಮದರಸಾ-ಎ-ಆಲಿಯಾ ಎಂಬ ಹೆಸರಿನಲ್ಲಿ ನಡೆಯುತ್ತಿದೆ, ಅದೂ ತನ್ನ ಜನ್ಮವರ್ಷ 1780 ಎಂದೇ ಹೇಳುತ್ತದೆ. ಇಬ್ಬರು ದಾಯಾದಿಗಳು, ಒಬ್ಬನೇ ಮೂಲಪುರುಷ. ಮನೆ ಒಬ್ಬನಿಗೆ, ಪೆಟ್ಟಿಗೆ ಇನ್ನೊಬ್ಬನಿಗೆ.

ಇದರಲ್ಲಿ ಯಾರದು ಅನ್ಯಾಯ ಎಂದು ತೀರ್ಮಾನಿಸುವುದು ಸುಲಭವಲ್ಲ. ಅವನ್ನು ಓದಬಲ್ಲ ಮೌಲವಿಗಳಲ್ಲಿ ಬಹಳಷ್ಟು ಜನ ಆ ಕಡೆ ಹೊರಟಿದ್ದಾಗ ಹಸ್ತಪ್ರತಿಗಳು ಅವರ ಜೊತೆಗೆ ಹೋದದ್ದರಲ್ಲಿ ಒಂದು ತರ್ಕವಿದೆ. ಹಿಂದೆ ಉಳಿದ ಹುಡುಗರು ಏನು ಓದಬೇಕಿತ್ತು ಎಂಬ ಪ್ರಶ್ನೆಗೆ ಮಾತ್ರ ಆ ತರ್ಕದಲ್ಲಿ ಉತ್ತರವಿಲ್ಲ. ಮೌಲಾನಾ ಅಬುಲ್ ಕಲಾಂ ಆಜಾದರ ಪ್ರಯತ್ನದಿಂದ 1949ರಲ್ಲಿ ಕಲ್ಕತ್ತಾ ಮದರಸಾ ಮತ್ತೆ ತೆರೆಯಿತು. ಹಳೆಯ ಕಟ್ಟಡ, ಹಳೆಯ ಹೆಸರು. ಪುಸ್ತಕಗಳನ್ನು ಹೊಸದಾಗಿ ಕೂಡಿಸಿಕೊಳ್ಳಬೇಕಿತ್ತು.

ಅದೇ ಹೊತ್ತಿನಲ್ಲಿ ಅದೇ ನಗರದ ಇನ್ನೊಂದು ಗ್ರಂಥಾಲಯ ದೇಶದ್ದಾಯಿತು. 1948ರಲ್ಲಿ ಇಂಪೀರಿಯಲ್ ಲೈಬ್ರರಿ ರಾಷ್ಟ್ರೀಯ ಗ್ರಂಥಾಲಯವೆಂದು ಹೆಸರು ಬದಲಿಸಿಕೊಂಡು, 1953ರಲ್ಲಿ ಬೆಲ್ವೆಡಿಯರ್ ಬಂಗಲೆಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದನ್ನು ಕಟ್ಟಿ ನಿಲ್ಲಿಸಿದವರು ಬಳ್ಳಾರಿ ಶಾಮಣ್ಣ ಕೇಶವನ್, ಹಿಂದೆ ಮೈಸೂರಿನಲ್ಲಿ ಪಾಠ ಹೇಳಿದ್ದವರು. 1954ರ ಕಾಯ್ದೆಯ ಪ್ರಕಾರ ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅಚ್ಚಾದ ಪ್ರತಿ ಕನ್ನಡ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಅಲ್ಲಿಗೆ ಕಳಿಸಬೇಕು. ಎಲ್ಲರೂ ಕಳಿಸುತ್ತಾರೆಯೇ ಎಂಬುದು ಬೇರೆ ಮಾತು. ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದ ಮೇಲೆ ಭಾರತವೂ ಪಾಕಿಸ್ತಾನವೂ ಹಕ್ಕು ಹೂಡಿದ್ದು ಇದೇ 1950ರ ದಶಕದಲ್ಲಿ. ಟಿಪ್ಪುವಿನ ಪುಸ್ತಕಗಳೂ ಅದರೊಳಗಿದ್ದವು. ಬ್ರಿಟನ್ ಒಂದನ್ನೂ ಬಿಟ್ಟುಕೊಡಲಿಲ್ಲ. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ನ್ಯೂ ಟೌನಿನ ವಿದ್ಯಾರ್ಥಿಗೆ ಈಗ ಗ್ರಂಥಾಲಯ ಎಂದರೆ ಹೆಚ್ಚಿನಂಶ ಪರದೆಯ ಮೇಲಿನ ಸಂಗತಿ. ಇಂಜಿನಿಯರಿಂಗ್ ಓದುವವರಿಗೆ ಬೇಕಾದ ಪ್ರಬಂಧ 1905ರದ್ದಲ್ಲ, ಕಳೆದ ತಿಂಗಳದ್ದು. ಭಾರತದ ನೂರಾರು ವಿಶ್ವವಿದ್ಯಾಲಯಗಳು ಪುಸ್ತಕದ ಲೆಕ್ಕ ಇಡಲು ಬಳಸುವ ತಂತ್ರಾಂಶ ಕೋಹಾ. 1999ರಲ್ಲಿ ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯಕ್ಕಾಗಿ ಬರೆದದ್ದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಮಾವೊರಿ ಭಾಷೆಯಲ್ಲಿ ‘ಕೋಹಾ’ ಎಂದರೆ ಉಡುಗೊರೆ, ಬಂದವರು ಕೊಡುವ, ಮುಂದೊಮ್ಮೆ ಮರಳಿಸಬೇಕಾದ ಉಡುಗೊರೆ. ನಮ್ಮ ಮದುವೆ ಮನೆಯ ಮುಯ್ಯಿ ಇದಕ್ಕೆ ಹತ್ತಿರ. ಇನ್ನು ವಿದ್ವತ್ ಪತ್ರಿಕೆಗಳ ಮಾತು. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಎಂಬ ಕೇಂದ್ರ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ದೇಶದ 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಮೂರು ವರ್ಷಕ್ಕೆ ಮೀಸಲಿಟ್ಟದ್ದು 6,000 ಕೋಟಿ ರೂಪಾಯಿ. ಸಣ್ಣ ಊರಿನ ಕಾಲೇಜಿಗೂ ಐಐಟಿಗೂ ಒಂದೇ ಬಾಗಿಲು ಎನ್ನುವುದು ನಿಜಕ್ಕೂ ದೊಡ್ಡ ಬದಲಾವಣೆ.

ಆದರೆ ಚಂದಾ ಎಂದರೆ ಬಾಡಿಗೆ. ಅವಧಿ ಮುಗಿದು ಒಪ್ಪಂದ ಮುಂದುವರಿಯದಿದ್ದರೆ, ಎಷ್ಟನ್ನು ತೆರೆದು ಓದಲು ಬಿಡುತ್ತಾರೆ ಎಂಬುದು ಕರಾರಿನ ಅಕ್ಷರಗಳ ಮೇಲೆ ನಿಂತಿರುತ್ತದೆ. ಗಾಡಿ ಬೇಕಿಲ್ಲ, ಪೆಟ್ಟಿಗೆ ಬೇಕಿಲ್ಲ, ಒಂದು ಪಾಸ್‌ವರ್ಡ್ ನಿಂತರೆ ಸಾಕು. ಮದರಸಾದ ಹಸ್ತಪ್ರತಿಗಳು ಗಡಿ ದಾಟಿದರೂ ಒಂದು ಕಡೆ ಇದ್ದವು, ಅವುಗಳ ಹೆಸರು ಒಂದು ಅಚ್ಚಾದ ಸೂಚಿಯಲ್ಲಿತ್ತು. ಅರಬ್ಬಿ ಕಲಿಯುವ ಹುಡುಗಿಯೊಬ್ಬಳು ಇಂದಿಗೂ 1905ರ ಆ ಸೂಚಿಯನ್ನು ಹಿಡಿದು, ತನ್ನ ವಿಶ್ವವಿದ್ಯಾಲಯದ ಪೂರ್ವಜರ ಕಪಾಟಿನಲ್ಲಿ ಏನೇನಿತ್ತು ಎಂದು ನಂಬರು ಸಮೇತ ಓದಬಹುದು. ನಂಬರಿಗೆ ತಕ್ಕ ಪುಸ್ತಕ ಬೇಕೆಂದರೆ ಬಕ್ಷಿಬಜಾರಿಗೆ ಪತ್ರ ಬರೆಯಬೇಕು, ಇಲ್ಲವೇ ಹೋಗಬೇಕು. ನ್ಯೂ ಟೌನಿಗೆ ವಿಮಾನ ನಿಲ್ದಾಣ ಹತ್ತಿರ. ಅಲ್ಲಿಂದ ಢಾಕಾಕ್ಕೆ ವಿಮಾನದಲ್ಲಿ ಒಂದು ಗಂಟೆಯ ದಾರಿ, ವೀಸಾ ಸಿಕ್ಕರೆ.