ಬೊಂಬೆಯ ಮೇಲಿನ ಗೆರೆಗಳು

ಮುನಿರ್ಕಾ ಹಳ್ಳಿಯಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗಿನ ಮನೆಯಲ್ಲಿ ಹಾವೇರಿ ಕಡೆಯ ಅಕ್ಕ ಇದ್ದರು. ಮಗಳು ಹುಟ್ಟಿ ವಾರದೊಳಗೆ ಕೂಸಿನ ಕಾಲ ಮೇಲೆ ಸಾಲಾಗಿ ನೀರುಗುಳ್ಳೆ ಎದ್ದವು. ಊರಿಂದ ಅತ್ತೆಯ ಫೋನು: 'ಸರ್ಪಸುತ್ತು ಅದು. ನಾಗಪ್ಪಗ ಹಾಲೆರೀಬೇಕು.'

ಆಸ್ಪತ್ರೆಗೆ ಹಿಂದಿ ಮಾತಾಡಲು ನಾನೂ ಹೋದೆ. ವೈದ್ಯೆ ಕೂಸನ್ನು ನೋಡಿದವರೇ ತಾಯಿಯ ಕಾಲು ತೋರಿಸಲು ಹೇಳಿದರು. ಮೀನಖಂಡದ ಮೇಲೆ ಕೂದಲಿಲ್ಲದ ಮಸುಕು ಗೆರೆಗಳು. ಹಿಂದೆ ಬಸಿರು ಇಳಿದಿತ್ತೇ ಎಂದು ಕೇಳಿದರು. ಅಕ್ಕ ಎರಡು ಬೆರಳು ತೋರಿಸಿದರು.

ಕಾಯಿಲೆಯ ಹೆಸರು ಇನ್‌ಕಾಂಟಿನೆನ್ಷಿಯಾ ಪಿಗ್ಮೆಂಟಿ. ಆ ರಾತ್ರಿ ಕೂತು ಅದರ ಚರಿತ್ರೆ ಓದಿದೆ.

1901ರಲ್ಲಿ ಬರ್ಲಿನ್ನಿನ ಚರ್ಮವೈದ್ಯ ಆಲ್ಫ್ರೆಡ್ ಬ್ಲಾಶ್ಕೊ ನೂರಕ್ಕೂ ಹೆಚ್ಚು ರೋಗಿಗಳ ಮೈಮೇಲಿನ ಪಟ್ಟೆಗಳನ್ನು ಬೊಂಬೆಯ ಮೇಲೆ ಗುರುತಿಸಿದ. ಅವು ನರದ ಹಾದಿಯೂ ಅಲ್ಲ, ರಕ್ತನಾಳದ ಹಾದಿಯೂ ಅಲ್ಲ. (ಸರ್ಪಸುತ್ತು ಹಿಡಿಯುವುದು ನರದ ಹಾದಿ. ಗುಳ್ಳೆ ಸಾಲುಗಟ್ಟಿದ್ದನ್ನು ಕೇಳಿ ಅತ್ತೆ ಹಾಗೆಂದದ್ದರಲ್ಲಿ ಆಶ್ಚರ್ಯವಿಲ್ಲ.) 1926ರಲ್ಲಿ ಬ್ರೂನೋ ಬ್ಲಾಖ್, 1928ರಲ್ಲಿ ಮಾರಿಯನ್ ಸುಲ್ಜ್‌ಬರ್ಗರ್ ಈ ಕಾಯಿಲೆಯನ್ನು ವಿವರಿಸಿದರು. ಚರ್ಮದ ಮೇಲ್ಪದರ ಬಣ್ಣವನ್ನು ಹಿಡಿದಿಡಲಾರದೆ ಕೆಳಪದರಕ್ಕೆ ಸೋರಿಸುತ್ತದೆ ಎಂಬುದೇ ಹೆಸರಿನ ಅರ್ಥ. ಗುಳ್ಳೆ ಹೋಗಿ ಗಂಟು, ಗಂಟು ಹೋಗಿ ಕಂದು ಸುಳಿ, ಕೊನೆಗೆ ಅಕ್ಕನ ಕಾಲಿನಂಥ ಮಸುಕು ಗೆರೆ.

ಗೆರೆಯ ಗುಟ್ಟು ಬಿಡಿಸಲು ಇಲಿ ಬೇಕಾಯಿತು. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮೌನವಾಗುತ್ತದೆ ಎಂದು 1961ರಲ್ಲಿ ಮೇರಿ ಲಯನ್ ಹೇಳಿದರು. ಯಾವುದು ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಭ್ರೂಣ ಬೆಳೆದಂತೆ ಆ ಕೋಶಗಳ ಸಂತತಿ ಸಾಗಿದ ದಾರಿಯೇ ಬ್ಲಾಶ್ಕೊನ ಗೆರೆ. 2000ದಲ್ಲಿ ಎಕ್ಸ್ ಮೇಲಿನ ನೀಮೋ ಜೀನಿನ ದೋಷ ಪತ್ತೆಯಾಯಿತು. ಅದು ಕೆಟ್ಟರೆ ಕೋಶ ಉರಿಯೂತದ ಏಟಿಗೆ ಸಾಯುತ್ತದೆ. ಹೆಣ್ಣಿಗೆ ಇನ್ನೊಂದು ಎಕ್ಸ್‌ನ ಆಸರೆ ಇದೆ. ಗಂಡುಭ್ರೂಣಕ್ಕಿಲ್ಲ, ಹೆಚ್ಚಿನವು ಹೊಟ್ಟೆಯಲ್ಲೇ ತೀರಿಹೋಗುತ್ತವೆ.

ಚರ್ಮ ತಾನೇ ಮಾಯುತ್ತದೆ. ಹಲ್ಲು, ಮಿದುಳು, ಕಣ್ಣುಗಳದ್ದೇ ಚಿಂತೆ. ರೆಟಿನಾದ ರಕ್ತನಾಳ ಕೆಟ್ಟರೆ ಕುರುಡು. ಬೇಗ ಕಂಡರೆ ಲೇಸರ್ ಉಳಿಸಬಲ್ಲದು. ವೈದ್ಯೆ ಮೊದಲು ಬರೆದದ್ದು ಕಣ್ಣಿನ ವಿಭಾಗಕ್ಕೆ ಚೀಟಿ.

ಮರುದಿನ ಅಕ್ಕ ಫೋನಿನಲ್ಲಿ ಅನ್ನುತ್ತಿದ್ದರು: 'ಆ ಎರಡೂ ಗಂಡs ಇದ್ದಿರಬಹುದಂತ್ರಿ ಅತ್ತಿ.' ಅತ್ತ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, 'ಹಂಗಾರ ದೋಷ ನಿನ್ನs ಅಲ್ಲೇನು?'

ಅಕ್ಕ ಫೋನಿಟ್ಟು, ಕಣ್ಣಿನ ವಿಭಾಗದ ಮುಂದಿನ ತಾರೀಖು ಎಂದು ನನ್ನನ್ನು ಕೇಳಿದರು.